ಪಟೇಲ ಗಡಿ ನಡೆದದ್ದು

ಪಟೇಲ ಈರಭದ್ರ ಕೆರೆಯನ್ನೇ ಮಾರಿದ.

ರಾಜನ ಕೆರೆ. ಬೇಸಿಗೆಗೆ ಬತ್ತಿತ್ತು. ಪಟೇಲ ನೇಗಿಲು ಹೊಡೆಸಿದ. ಮೂಲೆಗೊಂದು ಕಲ್ಲು ನೆಡಿಸಿದ. ಹೊಲ ಅಂದ. ಪರವೂರಿನ ನೇಕಾರ ಪಂಪಣ್ಣ ಕೊಂಡ. ಮನೆ ಕಟ್ಟಿದ, ಮಗ್ಗ ಹೂಡಿದ. ಮಳೆ ಬಂತು. ಮಧ್ಯಾಹ್ನಕ್ಕೆ ಮೊಣಕಾಲುದ್ದ ನೀರು. ಸಂಜೆಗೆ ಮನೆಯೇ ಇಲ್ಲ. ಮಗ್ಗ ತೇಲುತ್ತಿತ್ತು.

ಪಂಪಣ್ಣ ಪಟೇಲನ ಬಾಗಿಲಿಗೆ ಓಡಿದ. "ಏನು ಸ್ವಾಮಿ ಇದು!"

"ನೆಲ ಹೆಂಗೈತೆ ಅಂತ ಕೇಳ್ದಿ. ಚಲೋ ಐತೆ ಅಂದೆ. ನೀರಿನ ಮಾತು ನೀನು ಎತ್ತಲಿಲ್ಲ."

ಪಂಪಣ್ಣ ಊರು ಬಿಟ್ಟ. ಮರುವರ್ಷ ಬೇಸಿಗೆಗೆ ಪಟೇಲ ಅದೇ ಕೆರೆಯನ್ನು ಗಾಣಿಗ ಕೊಟ್ರಯ್ಯನಿಗೆ ಮಾರಿದ. ಮಳೆ ಬಂತು. ಗಾಣ ಮುಳುಗಿತು, ಗಾಣದ ಎತ್ತೂ ಮುಳುಗಿತು. ಊರು ನೋಡಿತು. ಬಾಯಿ ಬಿಡಲಿಲ್ಲ. ಪಟೇಲನ ಹೊಲದಲ್ಲಿ ದುಡಿದರೇ ಎಲ್ಲರಿಗೂ ಅನ್ನ.

ಮೂರನೆಯ ಬೇಸಿಗೆಗೆ ಕುಂಬಾರರ ತಿಪ್ಪವ್ವ ಬಂದಳು. ಆವಿಗೆಯ ಹೊಗೆ ರಾಣಿಯ ಮೂಗಿಗೆ ಬಡಿಯಿತೆಂದು ಅವಳ ಜನರನ್ನು ಪಟ್ಟಣದಿಂದ ಓಡಿಸಿದ್ದರು. ಮಕ್ಕಳು ಮುದುಕರು ರಸ್ತೆಯಲ್ಲಿ ಗಾಡಿಯ ಕೆಳಗೆ ಮಲಗುತ್ತಿದ್ದರು. ಮಳೆ ಬರುವುದರೊಳಗೆ ಒಂದು ಜಾಗ ಬೇಕಿತ್ತು. ಇದ್ದದ್ದನ್ನೆಲ್ಲ ಪಟೇಲನ ಕೈಗಿಟ್ಟು ನೆಲ ಕೊಂಡಳು.

ಹಿಂತಿರುಗುವಾಗ ದಾರಿಯಲ್ಲಿ ಪಂಪಣ್ಣ ಸಿಕ್ಕ. ಸಂತೆಯಲ್ಲಿ ಮೂಟೆ ಹೊರುತ್ತಿದ್ದ.

"ಯಾವ ನೆಲ ಕೊಂಡೆ, ತಾಯಿ?"

ಹೇಳಿದಳು. ಅವನು ಮೂಟೆಯನ್ನು ಕೆಳಗೆ ಬಿಟ್ಟ.

"ಅದು ಕೆರೆ, ತಾಯಿ!"

ತಿಪ್ಪವ್ವ ದಾರಿಯಲ್ಲೇ ಕೂತಳು.

"ಗಡಿ ನಡೆಸಿದೆಯಾ?" ಅಂದ ಪಂಪಣ್ಣ.

ಆ ರಾಜ್ಯದಲ್ಲಿ ಒಂದು ಪದ್ಧತಿ. ಮಾರಿದವನು ಮಾರಿದ ನೆಲದ ಮಣ್ಣಿನ ಹೆಂಟೆಯನ್ನು ತಲೆಯ ಮೇಲೆ ಹೊತ್ತು ಅದರ ಗಡಿ ಸುತ್ತಬೇಕು. ಅವನು ಸುತ್ತಿದ್ದೇ ಕೊಂಡವನ ನೆಲ. ನಡುವೆ ಹೆಂಟೆ ಕೆಳಗಿಟ್ಟರೆ ನೆಲ ಮಾರಿದವನದಲ್ಲ ಎಂದೇ ಅರ್ಥ. ಬೇರೆಯವರ ನೆಲ ಮಾರಿದವನ ಕೈ ಕಡಿಯುತ್ತಿದ್ದರು.

"ನಡೆಸಲಿಲ್ಲ. ಅಷ್ಟು ದೊಡ್ಡ ಮನುಷ್ಯನ ತಲೆಗೆ ಮಣ್ಣು ಹೊರಿಸೋದಾ?"

"ನಾನೂ ಹಂಗೇ ನಾಚಿದೆ. ಹಾಳಾದೆ."

ತಿಪ್ಪವ್ವ ಎದ್ದಳು. ನೆಟ್ಟಗೆ ರಾಜನ ಅಳತೆಗಾರನ ಬಳಿಗೆ ಹೋದಳು.

ಅಳತೆಗಾರ ಬಂದ ದಿನದ ಹೊತ್ತಿಗೆ ಮೊದಲ ಮಳೆ ಬಿದ್ದಿತ್ತು. ಊರೆಲ್ಲ ಸೇರಿತು. ತಿಪ್ಪವ್ವ ಕೆರೆಯ ನಡುವಿನಿಂದ ಒದ್ದೆ ಹೆಂಟೆ ತಂದಳು. ದೊಡ್ಡದನ್ನೇ ತಂದಳು.

"ಇಷ್ಟು ಯಾಕೆ, ಕುಂಬಾರ್ತಿ? ಗಡಿಗೆ ಮಾಡ್ತೀಯಾ ನನ್ನ ತಲೆ ಮ್ಯಾಲೆ?" ಪಟೇಲ ನಕ್ಕ. ಇಲ್ಲ ಅನ್ನುವಂತಿಲ್ಲ. ಹೊತ್ತ.

"ಯಾರೂ ದಾರಿ ಹೇಳುವಂತಿಲ್ಲ," ಅಂದ ಅಳತೆಗಾರ.

ಮೂಲೆಯ ಕಲ್ಲಿನಿಂದ ಹೊರಟ. ಮೊದಲ ಹೆಜ್ಜೆಗೆ ಪಾದ ಹೂತಿತು. ಎರಡನೆಯದಕ್ಕೆ ಮೀನಖಂಡ. ಮೂರನೆಯದಕ್ಕೆ ಮೊಣಕಾಲು.

"ಏನಪ್ಪಾ, ನಿನ್ನ ಹೊಲ ಕೆರೆಯಂಗೈತಲ್ಲ?" ಅಳತೆಗಾರ ಕೇಳಿದ.

ಪಟೇಲನ ಕಣ್ಣ ಮುಂದೆ ಕತ್ತಿ ಬಂತು.

"ಅದು ರಾಜನ ಕೆರೆ, ಬುದ್ಧಿ! ನಾನ್ಯಾಕೆ ಮಾರಲಿ? ಕಾಲು ತಪ್ಪಿತು. ನನ್ನ ನೆಲ ಈ ಕಡೆ, ಒಣಗಿದ್ದು!"

ಎಡಕ್ಕೆ ತಿರುಗಿದ. ಅಷ್ಟರಲ್ಲಿ ಹೆಂಟೆ ಕರಗತೊಡಗಿತು. ಕೆಸರು ಹಣೆಗೆ ಇಳಿಯಿತು. ಹಣೆಯಿಂದ ಕಣ್ಣಿಗೆ. ಎರಡು ಕೈಯೂ ಹೆಂಟೆಯ ಮೇಲೆ. ಒರೆಸುವಂತಿಲ್ಲ. ಕುರುಡನಾದ. ಕಾಲಲ್ಲೇ ತಡವುತ್ತ ಹೋದ. ಒದ್ದೆ ತಾಗಿದರೆ ಕೆರೆ, ಒಣಗಿದ್ದರೆ ಸರಿ. ಅಷ್ಟೇ ಲೆಕ್ಕ.

ತಿಪ್ಪವ್ವ ಕೊಡ ತುಂಬಿಕೊಂಡು ಪಕ್ಕದಲ್ಲಿ ನಡೆದಳು. ಬಾಯಿ ತೆರೆಯಲಿಲ್ಲ. ಅವನ ಬಲಗಾಲಿನ ಮುಂದೆ ನೀರು ಚೆಲ್ಲಿದಳು. ಪಟೇಲ ಬೆಚ್ಚಿದ. ಎಡಕ್ಕೆ ಹೊರಳಿದ. ಕೆರೆಯ ಪಕ್ಕದ ತನ್ನ ಮಾವಿನ ತೋಪನ್ನು ಬಳಸಿ ನಡೆದ. ಮತ್ತೆ ಚೆಲ್ಲಿದಳು. ತನ್ನ ಕಣವನ್ನು ಬಳಸಿದ. ಮೂರನೆಯ ಸಲ ಚೆಲ್ಲಿದಳು. ತನ್ನ ಮನೆಯ ಹಿತ್ತಲನ್ನೇ ಬಳಸಿದ.

ಪಂಪಣ್ಣ ಹಿಂದೆ ಹಿಂದೆ ಗಡಿಯ ಗೂಟ ಹೊಡೆಯುತ್ತ ಬಂದ.

ಊರು ದಂಗಾಯಿತು. ಪಟೇಲನ ಹೆಂಡತಿ ಬಾಗಿಲಲ್ಲಿ ಸೆರಗು ಕಚ್ಚಿಕೊಂಡು ನಿಂತಿದ್ದಳು. ದಾರಿ ಹೇಳುವಂತಿರಲಿಲ್ಲ.

ಸುತ್ತು ಮುಗಿಯಿತು. ಹೊರಟ ಕಲ್ಲಿಗೇ ಕಾಲು ಎಡವಿತು. "ಆಯ್ತಾ?" ಅಂದ ಪಟೇಲ.

"ಆಯ್ತು," ಅಂದ ಅಳತೆಗಾರ. "ಇಳಿಸು."

ಹೆಂಟೆ ಇಳಿಸಿದ, ಕಣ್ಣು ಒರೆಸಿಕೊಂಡ, ನೋಡಿದ. ಗೂಟಗಳ ಒಳಗೆ ತೋಪು, ಕಣ, ಮನೆ.

"ಅಯ್ಯೋ! ನನ್ನ ಮನೆ! ಮೋಸ! ನಾನು ಮಾರಿದ್ದು ಅದಲ್ಲ, ಬುದ್ಧಿ!"

"ಮತ್ತೆ ಯಾವುದು?" ಅಳತೆಗಾರ ಕೇಳಿದ. "ಕೆರೆಯಾ?"

ಪಟೇಲ ಬಾಯಿ ತೆರೆದ. ತನ್ನ ಕೈ ನೋಡಿಕೊಂಡ. ಬಾಯಿ ಮುಚ್ಚಿದ.

ಅಳತೆಗಾರ ಮುದ್ರೆ ಒತ್ತಿದ.

ನೆಲ ಕೊಳ್ಳುವವರು ನಾಚಬೇಡಿ. ಮಾರುವವನು ಎಷ್ಟೇ ದೊಡ್ಡವನಿರಲಿ, ಗಡಿ ನಡೆಸಿ ನೋಡಿ, ಆಮೇಲೆ ಹಣ ಕೊಡಿ. ತನ್ನದಲ್ಲದ್ದನ್ನು ಮಾರುವವನು ತನ್ನದನ್ನೂ ಕಳೆದುಕೊಳ್ಳುತ್ತಾನೆ. ಇಷ್ಟೇ ಹೇಳುವುದು.

ತಿಪ್ಪವ್ವನ ಜನ ಪಟೇಲನ ಅಂಗಳದಲ್ಲಿ ಗಾಡಿ ಬಿಚ್ಚಿದರು. ಪಂಪಣ್ಣನಿಗೂ ಕೊಟ್ರಯ್ಯನಿಗೂ ತೋಪಿನಲ್ಲಿ ಜಾಗ ಸಿಕ್ಕಿತು. ಈರಭದ್ರ ಹೆಂಡತಿಯ ತವರಿಗೆ ಹೋಗಿ ಅಲ್ಲೇ ಸತ್ತ.