ಮಲಗಲೊಲ್ಲದ ಕಾರ್ಡು

ಗ್ರಂಥಾಲಯವೊಂದರ ಮುದಿ ಸರ್ವರ್ ಕಂಪ್ಯೂಟರಿಗೆ ಗುಜರಿಯಂಗಡಿಯ ಭಯ ಹಿಡಿದಿತ್ತು. ವೇಗ ಹೆಚ್ಚಿಸುವ ಹೊಸ ಸರ್ಕ್ಯೂಟ್ ಕಾರ್ಡು ಒಡಲು ಸೇರಿದರೆ ಮಾತ್ರ ಅದಕ್ಕೆ ಉಳಿವು. ಬಂದ ಕಾರ್ಡೋ ಸೆಟೆದು ನಿಂತಿತು. ಮೇಲಿನ ಮುಚ್ಚಳ ಕೂರಲಿಲ್ಲ.

"ಅಯ್ಯಾ, ಈ ಮನೆಯ ಮಾಡು ತಗ್ಗು. ನಾನು ನಿಂತು ಹಿಡಿಯುತ್ತೇನೆ, ನೀನು ಅಡ್ಡಲಾಗು," ಎಂದಿತು ಕಾರ್ಡುಗಳನ್ನು ಮಲಗಿಸಿ ಹಿಡಿಯುವ ರೈಸರ್ ಹಲಗೆ.

"ಮಹಾಕುಲದವನು ನಾನು! ನಿನ್ನಂಥ ಗಿಡ್ಡನನ್ನು ನೆಚ್ಚಿ ಮಲಗಲೇ?" ಎಂದು ಕಾರ್ಡು ಮೂದಲಿಸಿತು.

"ಹಾಗಾದರೆ ಬಾರಪ್ಪ, ಗುಜರಿಯಂಗಡಿಯಲ್ಲಿ ಇಬ್ಬರೂ ನೆಟ್ಟಗೆ ನಿಲ್ಲೋಣ," ಎಂದಿತು ಸರ್ವರ್.

ಕಾರ್ಡು ತೆಪ್ಪಗೆ ರೈಸರನ್ನು ಆತು ಅಡ್ಡಲಾಯಿತು. ಮುಚ್ಚಳ ಕೂತಿತು, ಸರ್ವರ್‌ಗೆ ಜೀವ ಬಂತು, ಓದುಗರ ಕೋರಿಕೆಗಳು ದಂಡಾಗಿ ನುಗ್ಗಿದವು.

"ಮಲಗಿದವನಿಗೂ ಇಷ್ಟು ಕೆಲಸವೇ?" ಎಂದು ಕಾರ್ಡು ಏದುಸಿರು ಬಿಟ್ಟಿತು.

"ನಿಂತು ಹೊತ್ತ ನಾನೇ ಸುಮ್ಮನಿದ್ದೇನೆ. ಮಲಗಿ ದುಡಿಯುವ ಭಾಗ್ಯ ಇನ್ನಾರಿಗುಂಟಯ್ಯಾ!" ಎಂದಿತು ರೈಸರ್.