ಉಗುರಿನಿಂದ ಮೂರು ಸಲ

"ಗುರುಗಳೇ, ಜನರ ಭಯ ಹೋಗಲಾಡಿಸಲು ಆಯುಧ ಹಿಡಿದವನನ್ನು ತಪ್ಪಿತಸ್ಥ ಎನ್ನಬಹುದೇ?" ಎಂದು ಶಿಷ್ಯ ಕೇಳಿದ. ಕೇಳುವಾಗ ಅವನ ದನಿ ಬಿಸಿಯಾಗಿತ್ತು. ತೀರ್ಪು ಕೊಡಲು ನಾನೇನು ನ್ಯಾಯಾಧೀಶನೇ, ಕುಳಿತುಕೋ, ಒಂದು ಕತೆ ಹೇಳುತ್ತೇನೆ ಎಂದರು ಗುರುಗಳು.

ಪ್ಯಾಲೆಸ್ತೀನಿನ ಒಂದು ನಿರಾಶ್ರಿತರ ಶಿಬಿರದಲ್ಲಿ ಮುನೀಫ್ ಎಂಬ ಹುಡುಗನಿದ್ದ. ಸೈನಿಕರು ಬಂದೂಕಿನ ಹಿಡಿಯಿಂದ ಬಾಗಿಲು ಗುದ್ದಿದಾಗಲೆಲ್ಲ ಅವನ ತಾಯಿ ಅಂಗೈಯಿಂದ ಅವನ ಬಾಯಿ ಮುಚ್ಚುತ್ತಿದ್ದಳು. ಅಳು ಹೊರಗೆ ಕೇಳಿಸಬಾರದು. ಆ ಅಂಗೈಗೆ ಹಿಟ್ಟಿನ ವಾಸನೆ. ಅವನಿಗೆ ಉಸಿರು ಕಟ್ಟುತ್ತಿತ್ತು. ತಾನು ದೊಡ್ಡವನಾದ ಮೇಲೆ ಯಾವ ತಾಯಿಯೂ ಮಗುವಿನ ಬಾಯಿ ಹೀಗೆ ಮುಚ್ಚಬೇಕಾಗಬಾರದು ಎಂದು ಅವನು ಅಂದೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡ.

ದೊಡ್ಡವನಾದ. ಕೆಲವು ವರ್ಷ ಶಾಲೆಯಲ್ಲಿ ಪಾಠ ಹೇಳಿದ, ಆಮೇಲೆ ಬಂದೂಕು ಹಿಡಿದ. ಕೊಂದ. ಸತ್ತವರಲ್ಲಿ ಸೈನಿಕರೂ ಇದ್ದರು, ಬಸ್ಸಿಗೆ ಕಾಯುತ್ತಿದ್ದವರೂ ಇದ್ದರು. ಅವರಿಗೂ ತಾಯಂದಿರಿದ್ದರು, ಅಷ್ಟು ದೂರ ಅವನು ಯೋಚಿಸಲು ಹೋಗಲಿಲ್ಲ. ಒಂಬತ್ತು ವರ್ಷ ಸೆರೆಯಲ್ಲಿದ್ದು ಬಂದವನನ್ನು ಜನ ಹೆಗಲ ಮೇಲೆ ಹೊತ್ತು ಮೆರೆಸಿದರು, ಮತ ಕೊಟ್ಟು ಮುಖಂಡನನ್ನಾಗಿ ಮಾಡಿದರು.

ಅವನನ್ನು ಹುಡುಕುವವರೂ ಹೆಚ್ಚಿದರು. ಸ್ವಂತ ಮನೆಗೆ ಹೋಗುವ ಹಾಗಿರಲಿಲ್ಲ. ಇವತ್ತೊಂದು ಮನೆ, ನಾಳೆ ಇನ್ನೊಂದು. ಆ ಜನರಲ್ಲಿ ಒಂದು ವಾಡಿಕೆಯಿದೆ. ಹೊಸ್ತಿಲಿಗೆ ಬಂದ ಅತಿಥಿಯನ್ನು ಮೂರು ದಿನದವರೆಗೆ ಏಕೆ ಬಂದೆ ಎಂದು ಕೇಳುವಂತಿಲ್ಲ, ಹೋಗು ಎನ್ನುವಂತಿಲ್ಲ. ಮುನೀಫನಿಗೆ ಅದೇ ಕಾವಲಾಯಿತು. ತನ್ನ ಸದ್ದಿಗೆ ಮಕ್ಕಳು ಬೆಚ್ಚಬಾರದೆಂದು ಅವನೇ ಒಂದು ಗುರುತು ಮಾಡಿಕೊಂಡ. ಬಾಗಿಲ ಮೇಲೆ ಉಗುರಿನಿಂದ ಮೂರು ಸಲ, ಮೆಲ್ಲಗೆ. ಸೈನಿಕರು ಹಾಗೆ ತಟ್ಟುವುದಿಲ್ಲವಲ್ಲ. ಇನ್ನು ತನ್ನವರಿಗೆ ಹೆದರಿಕೆ ಇಲ್ಲ ಎಂದುಕೊಂಡ, ಪಾಪ.

ಅವನು ತಂಗಿದ್ದ ಒಂದು ಮನೆಯ ಮೇಲೆ ಬಾಂಬು ಬಿತ್ತು. ಅವನು ಆಗಲೇ ಹೊರಟಿದ್ದ. ಮನೆಯವರು ಹೊರಟಿರಲಿಲ್ಲ. ತಿಂಗಳೊಳಗೆ ಇನ್ನೊಂದು ಮನೆಗೂ ಹಾಗೇ ಆಯಿತು. ಅವರನ್ನು ಹೂಳಿದ ದಿನ ಅವನ ಭಾಷಣ ರೇಡಿಯೋದಲ್ಲಿ ಬಂತು: ನಾವು ಭಯ ಅರಿಯದ ಜನ. ಕೇಳಿದವರು ತಲೆಯಾಡಿಸಿದರು. ತಲೆಯಾಡಿಸುವುದಕ್ಕೇನು, ಯಾರಾದರೂ ಆಡಿಸುತ್ತಾರೆ.

ಒಂದು ಮಧ್ಯಾಹ್ನ ಅವನು ನಜ್ವಾ ಎಂಬ ಹೊಲಿಗೆಯವಳ ಬಾಗಿಲಿಗೆ ಬಂದ. ಆಕಾಶದಲ್ಲಿ ಡ್ರೋನಿನ ಸದ್ದಿತ್ತು. ಉಗುರಿನಿಂದ ಮೂರು ಸಲ ತಟ್ಟಿದ. ಒಳಗೆ ಓಡುತ್ತಿದ್ದ ಹೊಲಿಗೆ ಯಂತ್ರ ಥಟ್ಟನೆ ನಿಂತಿತು. ಬಾಗಿಲು ಮಾತ್ರ ತೆರೆಯಲಿಲ್ಲ. ಮರೆಯಿಲ್ಲದ ಬೀದಿಗೆ ಬೆನ್ನು ಕೊಟ್ಟು ನಿಂತ. ಬಾಗಿಲ ಸಂದಿಗೆ ಕಣ್ಣಿಟ್ಟು ನೋಡಿದ. ನಜ್ವಾ ಗೋಡೆಗೆ ಒರಗಿ, ತನ್ನ ಪುಟ್ಟ ಮಗಳ ಬಾಯನ್ನು ಅಂಗೈಯಿಂದ ಒತ್ತಿ ಹಿಡಿದಿದ್ದಳು. ಮುನೀಫನ ಮೂಗಿಗೆ ಎಲ್ಲಿಂದಲೋ ಹಿಟ್ಟಿನ ವಾಸನೆ ಬಡಿಯಿತು.

"ಹೆದರಬೇಡ ತಾಯಿ, ಇದು ನಾನು. ಸೈನಿಕರಲ್ಲ."

ವಾಡಿಕೆ ಮೀರಲಾರದೆ ಅವಳು ಬಾಗಿಲು ತೆರೆದಳು. ಒಂದು ಕೈ ಮಗುವಿನ ಬಾಯ ಮೇಲೆಯೇ ಇತ್ತು.

"ಗೊತ್ತು ಅಣ್ಣ. ಸೈನಿಕರು ಹುಡುಕಿ ಹೊರಟುಹೋಗುತ್ತಾರೆ. ನೀವು ಉಳಿಯುತ್ತೀರಿ. ಬನ್ನಿ, ಕಾಫಿ ಇಡುತ್ತೇನೆ."

ಅವನು ಹೊಸ್ತಿಲಲ್ಲೇ ನಿಂತ. ಒಳಗೆ ಕಾಲಿಟ್ಟರೆ ಈ ಮನೆ ಉಳಿಯುವುದು ಅನುಮಾನ. ಹೊರಗೆ ನಿಂತರೆ ತಾನು ಉಳಿಯುವುದು ಅನುಮಾನ. ಸೆರೆಮನೆಯಲ್ಲೂ ಅವನಿಗೆ ಅಷ್ಟು ಹೆದರಿಕೆ ಆಗಿರಲಿಲ್ಲ. ಮಗು ಕಣ್ಣು ಮಿಟುಕಿಸದೆ ಅವನನ್ನೇ ನೋಡುತ್ತಿತ್ತು. ಮೇಲಿನ ಸದ್ದು ಹತ್ತಿರವಾಯಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ತಡೆಯಲಾರದೆ, ಅವನು ಒಳಗೆ ಹೋದನೇ, ಹಿಂದಿರುಗಿದನೇ, ಬದುಕಿದನೇ ಎಂದು ಕೇಳಿಬಿಟ್ಟ.

ಗುರುಗಳು ಹೇಳಿದರು: "ಅವನ ಗತಿ ಏನಾಯಿತೆಂದು ಕೇಳಿದೆ, ಮಗುವಿನ ಬಾಯ ಮೇಲಿನ ಕೈಯನ್ನು ತಾಯಿ ತೆಗೆದಳೇ ಎಂದು ಕೇಳಲಿಲ್ಲವಲ್ಲ."