ಬಳೆಗಾರ್ತಿಯ ಬಾಯಿಗೆ ಪದ್ಯ

"ಗುರುಗಳೇ, ದುಡ್ಡು ತೆಗೆದುಕೊಂಡವರು ದುಡ್ಡು ಕೊಟ್ಟವರ ಮಾತನ್ನು ಆಡಬೇಕೋ ಬೇಡವೋ?"

ನಾಗವೇಣಿ ಕೂರುವ ಮೊದಲೇ ಕೇಳಿದಳು. ಅವಳು ಮನೆಯಲ್ಲೇ ಬೇವಿನೆಣ್ಣೆಯ ಸೋಪು ಮಾಡಿ ಮಾರುವವಳು. ನಾಲ್ಕು ಜನಕ್ಕೆ ತಿಳಿಯಲಿ ಎಂದು, ಮೊಬೈಲಿನಲ್ಲಿ ವಿಡಿಯೋ ಮಾಡಿ ಹಾಕುವ ಒಬ್ಬ ದರ್ಜಿ ಹೆಂಗಸಿಗೆ ಸೋಪನ್ನೂ ಹಣವನ್ನೂ ಕೊಟ್ಟಿದ್ದಳು, ಹೇಳಬೇಕಾದ ಮಾತನ್ನೂ ಬರೆದುಕೊಟ್ಟಿದ್ದಳು. ಆ ಮಹಾತಾಯಿ ಬ್ಲೌಸಿಗೆ ಕೊಕ್ಕೆ ಹೊಲಿಯುತ್ತ, ಗಂಡನ ಗೊರಕೆಯ ಪುರಾಣ ಹೇಳಿ, ಕೊನೆಗೆ ಸೋಪು ಎತ್ತಿ ತೋರಿಸಿ, "ಕತ್ತಿನ ತುರಿಕೆ ಹೋಯ್ತು ಕಣ್ರೇ, ವಾಸನೆ ಮಾತ್ರ ದೇವರಿಗೇ ಪ್ರೀತಿ" ಎಂದಿದ್ದಳು. ದುಡ್ಡು ಕೊಟ್ಟು ಬೈಸಿಕೊಂಡ ಹಾಗಾಯಿತು. ಅದನ್ನು ಅಳಿಸು, ಬರೆದುಕೊಟ್ಟದ್ದನ್ನು ಇದ್ದ ಹಾಗೇ ಹೇಳು ಎಂದು ನಾಗವೇಣಿ ಈಗ ತಾನೇ ಫೋನಿನಲ್ಲಿ ಕೂಗಾಡಿ ಬಂದಿದ್ದಳು.

"ಕುಳಿತುಕೋ ತಾಯಿ" ಎಂದರು ಗುರುಗಳು. ಅವಳು ಕುಳಿತಳು, ಸಿಟ್ಟು ಕೂರಲಿಲ್ಲ. ಗುರುಗಳು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಕಾಡಿಗೆ ಮಾಡುತ್ತಿದ್ದ. ಒಳ್ಳೆಯ ಕಾಡಿಗೆಯೇ. ಪಚ್ಚಕರ್ಪೂರ ಬೆರೆಸುತ್ತಿದ್ದುದರಿಂದ ಮೊದಮೊದಲು ಕಣ್ಣು ಉರಿಯುತ್ತಿತ್ತು, ರೂಢಿಯಾದ ಮೇಲೆ ತಂಪು. ಅಂಗಡಿಯಲ್ಲಿ ಕುಳಿತು ನೊಣ ಹೊಡೆದದ್ದೇ ಬಂತು, ಕೊಳ್ಳುವವರು ಬರಲಿಲ್ಲ. ಆಗ ಅವನು ಮನೆಮನೆಗೆ ಹೋಗುವ ಒಬ್ಬ ಬಳೆಗಾರ್ತಿಯನ್ನು ಕರೆದು, ಕೂಲಿ ಗೊತ್ತುಮಾಡಿ, ಕಾಡಿಗೆಯ ಡಬ್ಬಿಗಳನ್ನು ಅವಳ ಕೈಗೆ ಕೊಟ್ಟ.

ಕೊಟ್ಟವನು ಸುಮ್ಮನಿರಬೇಕಲ್ಲ. ಹೇಗೆ ಮಾರುತ್ತಾಳೋ ನೋಡೋಣವೆಂದು ಒಂದು ಮನೆಯ ಜಗಲಿಯಲ್ಲಿ ಕುಳಿತು ಒಳಗಿನ ಮಾತಿಗೆ ಕಿವಿಗೊಟ್ಟ. ಬಳೆಗಾರ್ತಿ ಮನೆಯೊಡತಿಯ ಕೈ ಹಿಡಿದು, ಒತ್ತಿ ಮೃದುಮಾಡಿ, ಒಂದೊಂದೇ ಬಳೆ ಏರಿಸುತ್ತ ಬದನೆಕಾಯಿಯ ಬೆಲೆ ಮಾತಾಡಿದಳು. ತನ್ನ ನಾದಿನಿಯ ಬಾಣಂತನದ ಮಾತಾಡಿದಳು. ಕಾಡಿಗೆಯ ಸುದ್ದಿಯೇ ಇಲ್ಲ. ವ್ಯಾಪಾರಿ ಹಲ್ಲು ಕಡಿದ. ಎರಡು ಕೈಗೂ ಬಳೆ ತುಂಬಿ, ಗಂಟು ಕಟ್ಟಿ ಏಳುವಾಗ ಅವಳು, "ಒಂದು ಕಾಡಿಗೆ ಐತೆ ಕಣವ್ವಾ. ಮೊದಲು ಉರಿಯುತ್ತೆ, ಹೆದರಬ್ಯಾಡ, ಆಮೇಲೆ ತಂಪು" ಎಂದಳು. ಮನೆಯೊಡತಿ ಮರುಮಾತಾಡದೆ ಕೊಂಡಳು. ಕೊಂಡದ್ದು ವ್ಯಾಪಾರಿಗೆ ಕಾಣಲಿಲ್ಲ. ಉರಿಯುತ್ತೆ ಎಂದದ್ದು ಮಾತ್ರ ಕೇಳಿಸಿತು.

"ನನ್ನ ಕೂಲಿ ತಿಂದು ನನ್ನ ಸರಕಿಗೇ ಹೆಸರಿಡುತ್ತೀಯಾ?" ಎಂದು ಬೀದಿಯಲ್ಲೇ ಹರಿಹಾಯ್ದ. ಪಂಡಿತರೊಬ್ಬರಿಂದ ಪದ್ಯ ಕಟ್ಟಿಸಿ ತಂದು ಬಾಯಿಪಾಠ ಮಾಡಿಸಿದ. ಕಮಲದಂಥ ಕಣ್ಣಿಗೆ ಕಾರ್ಮುಗಿಲ ಕಾಂತಿ ಎಂದು ಅದು ಶುರುವಾಗುತ್ತಿತ್ತು. ಉರಿಯ ಮಾತು ಎತ್ತಕೂಡದು ಎಂದು ಕಟ್ಟಪ್ಪಣೆ ಮಾಡಿದ. ಬಳೆಗಾರ್ತಿ ಬಡವಿ, ತಲೆಯಾಡಿಸಿದಳು.

ಅವಳು ಮುಂದೆ ಹೋದದ್ದು ಒಂದು ಮದುವೆ ಮನೆಗೆ. ಮದುಮಗಳಿಗೆ ಹಸಿರು ಬಳೆ ತೊಡಿಸಿ, ಎದ್ದು ನಿಂತು ಪದ್ಯ ಹೇಳಿದಳು. "ಇದೇನೇ, ನಿನ್ನ ಮೈಮೇಲೆ ದೇವರು ಬಂತಾ?" ಎಂದು ಹೆಂಗಸರು ನಕ್ಕರು. ಆದರೂ ಕೊಡುತ್ತಿರುವವಳು ತಮ್ಮ ಬಳೆಗಾರ್ತಿ ಎಂದು ನಂಬಿ ಕಾಡಿಗೆ ಕೊಂಡರು.

ಮುಹೂರ್ತದ ಬೆಳಿಗ್ಗೆ ಮದುಮಗಳು ಆ ಕಾಡಿಗೆ ಹಚ್ಚಿಕೊಂಡಳು. ಕಣ್ಣು ಉರಿದು ಕೆಂಡವಾಯಿತು. ನೀರು ಇಳಿದು ಕೆನ್ನೆಯೆಲ್ಲ ಕಪ್ಪಾಯಿತು. ಧಾರೆಗೆ ನಿಂತವಳನ್ನು ಕಂಡು, ಹುಡುಗಿಗೆ ಈ ಮದುವೆ ಇಷ್ಟವಿಲ್ಲವೇನೋ ಎಂದು ಬೀಗರ ಕಡೆಯವರು ಗುಸುಗುಸು ಮಾಡಿದರು. ಅವಳ ತಾಯಿ ಮಂಟಪದ ಮಗ್ಗುಲಲ್ಲಿ ನಿಂತು ಒಬ್ಬೊಬ್ಬರಿಗೂ ಸಮಜಾಯಿಷಿ ಹೇಳಿ ಸೋತಳು.

ಮತ್ತೆ ಆ ಮದುವೆ ಮನೆಯ ಕೇರಿಗೆ ಹೋದಾಗ ಬಳೆಗಾರ್ತಿಗೆ ಯಾರೂ ಚಾಪೆ ಹಾಕಲಿಲ್ಲ. ಅವಳು ನೇರ ಅಂಗಡಿಗೆ ಬಂದು ಉಳಿದ ಡಬ್ಬಿಗಳನ್ನು ವ್ಯಾಪಾರಿಯ ಮುಂದಿಟ್ಟಳು.

"ಯಜಮಾನ್ರೇ, ಬಳೆ ಒಡೆದು ಗಾಜು ಚುಚ್ಚಿದಾಗ್ಲೂ ಆ ಹೆಂಗಸ್ರು ನನ್ನ ಕೈಯಿಂದ ಕೈ ಎಳ್ಕೊಂಡೋರಲ್ಲ. ಇವತ್ತು ಎಳ್ಕೊಂಡ್ರು."

"ಪದ್ಯಾನ ಸರಿಯಾಗಿ ಹೇಳಿರೋದಿಲ್ಲ ನೀನು" ಎಂದ ವ್ಯಾಪಾರಿ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ನಾಗವೇಣಿಗೆ ಸಮಾಧಾನವಾಗಲಿಲ್ಲ. ತನ್ನ ಸೋಪಿಗೆ ದಾರಿ ಕೇಳಲು ಬಂದರೆ ಇವರು ಯಾರದೋ ಕಾಡಿಗೆಯ ಕತೆ ಹೇಳುತ್ತಿದ್ದಾರೆ ಎನ್ನಿಸಿ ರೇಗಿತು.

"ಅದಕ್ಕೇನಾಯಿತು ಗುರುಗಳೇ? ಆ ವ್ಯಾಪಾರಿ ಇನ್ನೊಬ್ಬ ಬಳೆಗಾರ್ತಿಯನ್ನು ಹುಡುಕಿಕೊಳ್ಳಬಹುದಿತ್ತಲ್ಲ?"

"ಹುಡುಕಿಕೊಂಡ, ತಾಯಿ. ಆದರೆ ಈ ಬಳೆಗಾರ್ತಿ ಇನ್ನೊಂದು ಕೇರಿಯನ್ನು ಎಲ್ಲಿ ಹುಡುಕಿಕೊಂಡಳು ಎಂದು ಅವನೂ ಕೇಳಲಿಲ್ಲ, ನೀನೂ ಕೇಳಲಿಲ್ಲ."